ಹೊಸ ಎಸ್‌ಎಸ್‌ಡಿ ಪೆಟ್ಟಿಗೆಯ ಮೇಲಿನ ವೇಗದ ಅರ್ಧವನ್ನಷ್ಟೇ ತೋರಿಸುತ್ತಿದೆ: ಮನೆಯಲ್ಲಿ ಪರೀಕ್ಷಿಸುವ ಸರಿಯಾದ ಕ್ರಮ ಯಾವುದು?

ಬಿಸಿಲನಾಡು

ಎಲ್ಲರಿಗೂ ನಮಸ್ಕಾರ. 2018ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪಿನಲ್ಲಿ ಇದುವರೆಗೆ ನಿಮಿಷಕ್ಕೆ 5,400 ಸುತ್ತು ತಿರುಗುವ 1 ಟಿಬಿ ಹಾರ್ಡ್ ಡಿಸ್ಕ್ ಒಂದೇ ಇತ್ತು. ಖಾಲಿ ಉಳಿದಿದ್ದ ಎಂ.2 ಸ್ಲಾಟಿಗೆ ಈಚೆಗೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿಯೊಂದನ್ನು (ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಚಿಪ್‌ಗಳಲ್ಲಿ ದತ್ತಾಂಶ ಇಡುವ ವೇಗದ ಡ್ರೈವ್) ಹಾಕಿ, ವಿಂಡೋಸ್ 11 ಅನ್ನು ಅದರ ಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದೇನೆ. ಹಳೆಯ ಡಿಸ್ಕ್ ತನ್ನ ಜಾಗದಲ್ಲಿಯೇ ಇದೆ. ಯಂತ್ರ ಮೊದಲಿಗಿಂತ ಬಹಳ ಬೇಗ ತೆರೆದುಕೊಳ್ಳುತ್ತಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಓದುವ ವೇಗ ಸೆಕೆಂಡಿಗೆ 3,500 ಎಂಬಿ, ಬರೆಯುವ ವೇಗ 3,000 ಎಂಬಿ ಎಂದು ಅಚ್ಚಾಗಿದ್ದರೂ ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ತಂತ್ರಾಂಶ ಮೊದಲ ಸಾಲಿನಲ್ಲಿ 1,724 ಮತ್ತು 1,651 ಎಂದಷ್ಟೇ ತೋರಿಸುತ್ತಿದೆ. ಕೊನೆಯ ಸಾಲಂತೂ ಓದಿಗೆ 44, ಬರವಣಿಗೆಗೆ 138 ಎನ್ನುತ್ತಿದೆ. ಹಳೆಯ ಡಿಸ್ಕಿನಿಂದ ಕಡತಗಳನ್ನು ನಕಲು ಮಾಡುವಾಗ ವಿಂಡೋಸ್ ತೋರಿಸುವ ವೇಗ 100 ಎಂಬಿಯನ್ನು ದಾಟುವುದೇ ಇಲ್ಲ.

ಅಂಗಡಿಯವರು ವಸ್ತು ಸರಿಯಾಗಿಯೇ ಇದೆ ಎನ್ನುತ್ತಾರೆ. ಹಿಂದಿರುಗಿಸುವ ಅವಧಿ ಇನ್ನೂ ಮುಗಿದಿಲ್ಲ. ಇದು ನಕಲಿ ಎಸ್‌ಎಸ್‌ಡಿಯೇ, ಲ್ಯಾಪ್‌ಟಾಪಿನ ಮಿತಿಯೇ, ಅಥವಾ ನಾನು ಪರೀಕ್ಷಿಸುತ್ತಿರುವ ಕ್ರಮವೇ ತಪ್ಪೇ ಎಂಬುದನ್ನು ಮನೆಯಲ್ಲಿಯೇ ಕುಳಿತು ತೀರ್ಮಾನಿಸುವುದು ಹೇಗೆ ಎಂದು ತಿಳಿದವರು ವಿವರಿಸಬೇಕಾಗಿ ವಿನಂತಿ.

ಹಳೇಮದರ್‌ಬೋರ್ಡ್

ಬಿಸಿಲನಾಡು ಅವರೇ, ನೀವು ಕೊಟ್ಟ ಅಂಕಿಗಳಲ್ಲಿಯೇ ಅರ್ಧ ಉತ್ತರವಿದೆ. ಕೆಟ್ಟ ಅಥವಾ ನಕಲಿ ಎಸ್‌ಎಸ್‌ಡಿಯ ವೇಗ ಸಾಮಾನ್ಯವಾಗಿ ಏರಿಳಿಯುತ್ತಿರುತ್ತದೆ; ನಿಮ್ಮದು ಓದು ಮತ್ತು ಬರವಣಿಗೆ ಎರಡರಲ್ಲೂ ಒಂದೇ ಎತ್ತರದಲ್ಲಿ ಹೋಗಿ ನಿಂತಿದೆ. ಹೀಗೆ ನಿಂತಿದ್ದರೆ ದಾರಿಯಲ್ಲಿ ಎಲ್ಲೋ ಮಿತಿಯಿದೆ ಎಂದೇ ಮೊದಲು ಊಹಿಸಬೇಕು.

ಇಂಥ ಎಸ್‌ಎಸ್‌ಡಿಯನ್ನು ಯಂತ್ರಕ್ಕೆ ಜೋಡಿಸುವ ಪಿಸಿಐಇ 3.0 ಸಂಪರ್ಕದ ಒಂದು ಲೇನ್ (ದತ್ತಾಂಶ ಹರಿಯುವ ಒಂದು ಪಥ) ಸೆಕೆಂಡಿಗೆ 800 ಕೋಟಿ ಬಿಟ್‌ಗಳನ್ನು ಸಾಗಿಸುತ್ತದೆ, ಆದರೆ ಪ್ರತಿ 130 ಬಿಟ್‌ಗಳಲ್ಲಿ 128 ಮಾತ್ರ ದತ್ತಾಂಶ. ಲೆಕ್ಕ ಹಾಕಿದರೆ ಲೇನ್ ಒಂದಕ್ಕೆ ಸುಮಾರು 985 ಎಂಬಿ, ಎರಡಕ್ಕೆ 1,970, ನಾಲ್ಕಕ್ಕೆ 3,940 ಆಗುತ್ತದೆ. ಪ್ಯಾಕೆಟ್‌ಗಳ ತಲೆಬರಹ ಮತ್ತು ನಿಯಂತ್ರಣ ಸಂದೇಶಗಳ ಪಾಲನ್ನು ಕಳೆದರೆ ನಾಲ್ಕು ಲೇನ್‌ಗಳಲ್ಲಿ 3,500ರ ಸುತ್ತ, ಎರಡು ಲೇನ್‌ಗಳಲ್ಲಿ 1,700ರ ಸುತ್ತ ಉಳಿಯುತ್ತದೆ. ನಿಮ್ಮ 1,724 ಈ ಎರಡನೆಯ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಆ ಕಾಲದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಂ.2 ಸ್ಲಾಟಿಗೆ ಎರಡೇ ಲೇನ್‌ಗಳನ್ನು ಎಳೆದಿರುತ್ತಿದ್ದರು. ಸ್ಲಾಟಿನ ಹೊರ ರೂಪ ಒಂದೇ ಆಗಿರುವುದರಿಂದ ಅದು ಕಣ್ಣಿಗೆ ಕಾಣುವುದಿಲ್ಲ.

ಇದನ್ನು ಊಹೆಯಲ್ಲಿಯೇ ಬಿಡಬೇಕಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಜೊತೆಯ ತಂತ್ರಾಂಶವನ್ನು ತೆರೆದು, ಟ್ರಾನ್ಸ್‌ಫರ್ ಮೋಡ್ ಎಂಬ ಸಾಲನ್ನು ನೋಡಿರಿ. ಅಲ್ಲಿ ಗೆರೆಯ ಎಡಕ್ಕೆ ಈಗಿನ ಸಂಪರ್ಕ, ಬಲಕ್ಕೆ ಎಸ್‌ಎಸ್‌ಡಿಯಿಂದ ಸಾಧ್ಯವಿರುವ ಗರಿಷ್ಠ ಸಂಪರ್ಕ ಇರುತ್ತದೆ. ಎಡದಲ್ಲಿ ಎರಡು, ಬಲದಲ್ಲಿ ನಾಲ್ಕು ಎಂದಿದ್ದರೆ ಚರ್ಚೆಯ ಆ ಭಾಗ ಮುಗಿದಂತೆ.

ಇಂಥ ಗುರುತಿನ ಸಂಖ್ಯೆಗಳು ನೆನಪಿನಲ್ಲಿದ್ದರೆ ಬಹಳಷ್ಟು ಪ್ರಶ್ನೆಗಳು ನಿಮಿಷದಲ್ಲಿ ಬಗೆಹರಿಯುತ್ತವೆ. 35ರಿಂದ 40 ಎಂಬಿ ಕಂಡರೆ ಯುಎಸ್‌ಬಿ 2.0, 110ರ ಸುತ್ತ ಕಂಡರೆ ಗಿಗಾಬಿಟ್ ನೆಟ್‌ವರ್ಕ್, 270ರ ಸುತ್ತ ನಿಂತರೆ ಹಳೆಯ 3 ಗಿಗಾಬಿಟ್ ಸಾಟಾ (ಹಾರ್ಡ್ ಡಿಸ್ಕ್‌ಗಳನ್ನು ಜೋಡಿಸುವ ಸಂಪರ್ಕ), 550ರ ಸುತ್ತ ನಿಂತರೆ 6 ಗಿಗಾಬಿಟ್ ಸಾಟಾ, 1,000ದ ಹತ್ತಿರ ನಿಂತರೆ 10 ಗಿಗಾಬಿಟ್ ಯುಎಸ್‌ಬಿ. ಪಿಸಿಐಇ 4.0ರ ನಾಲ್ಕು ಲೇನ್‌ಗಳಲ್ಲಿ 7,000ದ ಆಚೆಗೂ ಹೋಗುತ್ತದೆ. ನಿಮಗೆ ಸಿಕ್ಕ ಸಂಖ್ಯೆ ಇವುಗಳಲ್ಲೊಂದಕ್ಕೆ ಅಂಟಿಕೊಂಡಿದ್ದರೆ ನೀವು ಅಳೆದದ್ದು ಎಸ್‌ಎಸ್‌ಡಿಯನ್ನಲ್ಲ, ಅದರ ದಾರಿಯನ್ನು.

ಹಳೆಯ ಡಿಸ್ಕಿನಿಂದ ನಕಲು ಮಾಡುವಾಗ 100 ದಾಟದಿರುವುದೂ ಇದೇ ಕಾರಣಕ್ಕೆ. 5,400 ಸುತ್ತಿನ ಡಿಸ್ಕ್ ಕೊಡುವುದೇ ಅಷ್ಟು. ಹೊಸದು ಎಷ್ಟು ವೇಗವಾಗಿ ಬರೆದುಕೊಳ್ಳಬಲ್ಲದಾದರೂ ಬರುವುದಕ್ಕಿಂತ ಹೆಚ್ಚು ಬರೆಯಲಾರದು.

ಅನುಮಾನಿ

ಎಲ್ಲವೂ ಸರಿ, ಆದರೆ ಈ ಪರೀಕ್ಷೆಗಳೇ ಎಸ್‌ಎಸ್‌ಡಿಯ ಆಯುಸ್ಸನ್ನು ತಿನ್ನುತ್ತವಲ್ಲವೇ? ಫ್ಲ್ಯಾಶ್ ಕೋಶಗಳನ್ನು ಅಳಿಸಿ ಬರೆಯುವುದಕ್ಕೆ ಮಿತಿಯಿದೆ ಎಂದು ಎಲ್ಲರೂ ಹೇಳುತ್ತಾರೆ. ಹೊಸ ವಸ್ತುವನ್ನು ತಂದ ದಿನವೇ ಹೀಗೆ ಸವೆಸುವುದು ನನಗೆ ವಿವೇಕವೆನಿಸುವುದಿಲ್ಲ. ಯಂತ್ರ ಬೇಗ ತೆರೆದುಕೊಳ್ಳುತ್ತಿದೆ ಎಂದ ಮೇಲೆ ಸಂಖ್ಯೆಗಳ ಹಿಂದೆ ಏಕೆ ಓಡಬೇಕು?

ಹಳೇಮದರ್‌ಬೋರ್ಡ್

ಮಿತಿಯಿರುವುದು ನಿಜ, ಅದರ ಗಾತ್ರವನ್ನೂ ನೋಡಬೇಕು. 1 ಟಿಬಿಯ ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ) ಎಸ್‌ಎಸ್‌ಡಿಗಳಿಗೆ ಖಾತರಿಯಲ್ಲಿ ಸಾಮಾನ್ಯವಾಗಿ ನಮೂದಿಸುವ ಬರವಣಿಗೆಯ ಮಿತಿ 600 ಟಿಬಿ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ 1 ಜಿಬಿ ಗಾತ್ರದ ಕಡತವನ್ನು ಬಳಸಿದರೂ ನಿಗದಿತ ಕಾಲದವರೆಗೆ ಅದರ ಮೇಲೆಯೇ ಮತ್ತೆ ಮತ್ತೆ ಬರೆಯುವುದರಿಂದ, ವೇಗದ ಎಸ್‌ಎಸ್‌ಡಿಯಲ್ಲಿ ಒಟ್ಟು ಬರವಣಿಗೆ ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚೇ ಆಗುತ್ತದೆ. ಧಾರಾಳವಾಗಿ ಒಂದು ಪೂರ್ಣ ಪರೀಕ್ಷೆಗೆ 100 ಜಿಬಿ ಎಂದೇ ಹಿಡಿಯೋಣ. ಆಗಲೂ 600 ಟಿಬಿ ಮುಟ್ಟಲು 6,000 ಪರೀಕ್ಷೆಗಳು ಬೇಕು.

ನನ್ನ ಊಹೆಯನ್ನು ನಂಬಬೇಕಾಗಿಯೂ ಇಲ್ಲ. ಎನ್‌ವಿಎಂಇ ಸಾಧನವು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ದಾಖಲೆಯಲ್ಲಿ ಡೇಟಾ ಯೂನಿಟ್ಸ್ ರಿಟನ್ ಎಂಬ ಎಣಿಕೆಯಿದೆ. ಅದರ ಒಂದು ಘಟಕವೆಂದರೆ 5,12,000 ಬೈಟ್. ಪರೀಕ್ಷೆಗೆ ಮೊದಲು ಮತ್ತು ನಂತರ ಆ ಎಣಿಕೆಯನ್ನು ಬರೆದಿಟ್ಟುಕೊಂಡರೆ ಎಷ್ಟು ಸವೆಯಿತೆಂಬುದು ನಿಮ್ಮದೇ ಕೈಬರಹದಲ್ಲಿರುತ್ತದೆ. ದಿನಕ್ಕೊಮ್ಮೆ ಚಟಕ್ಕಾಗಿ ನಡೆಸುವುದನ್ನು ನಾನೂ ಒಪ್ಪುವುದಿಲ್ಲ. ಕೊಂಡ ಹೊಸತರಲ್ಲಿ ಒಮ್ಮೆ ಸರಿಯಾಗಿ ನಡೆಸಿ ಫಲಿತಾಂಶವನ್ನು ಕಾದಿರಿಸುವುದು ಬೇರೆ ವಿಷಯ. ಅದೇ ದಾಖಲೆಯಲ್ಲಿ ಪವರ್ ಆನ್ ಅವರ್ಸ್ ಎಂಬ ಸಾಲನ್ನೂ ನೋಡಿರಿ. ಹೊಸದೆಂದು ಕೊಂಡದ್ದರಲ್ಲಿ ಅದು ಸಾವಿರಾರು ಗಂಟೆಗಳಾಗಿದ್ದರೆ ವೇಗದ ಪರೀಕ್ಷೆಯ ಅಗತ್ಯವೇ ಇಲ್ಲ, ನೇರವಾಗಿ ಅಂಗಡಿಗೆ ಹೋಗಬಹುದು.

ಶರಾವತಿ_ಲಿನಕ್ಸ್

ಲಿನಕ್ಸ್ ಬಳಸುವವರಿಗಾಗಿ ಕೆಲವು ಮಾತುಗಳು, ಏಕೆಂದರೆ ಇಲ್ಲಿ ಜಾರಿ ಬೀಳುವ ಜಾಗ ಬೇರೆಯಿದೆ.

ಎಷ್ಟೋ ಲೇಖನಗಳು ಡಿಡಿ ಆದೇಶದಿಂದ ಸೊನ್ನೆಗಳನ್ನು ಒಂದು ಕಡತಕ್ಕೆ ಬರೆಸಿ, ಕೊನೆಯಲ್ಲಿ ಅದು ಮುದ್ರಿಸುವ ವೇಗವನ್ನೇ ಎಸ್‌ಎಸ್‌ಡಿಯ ವೇಗವೆಂದು ಕೊಡುತ್ತವೆ. ಹಾಗೆ ಬರೆದದ್ದು ಮೊದಲು ರ‍್ಯಾಮ್‌ನಲ್ಲಿರುವ ಪೇಜ್ ಕ್ಯಾಶ್‌ಗೆ ಹೋಗುತ್ತದೆ. ಡಿಸ್ಕಿಗೆ ತಲುಪುವ ಮೊದಲೇ ಆದೇಶ ಮುಗಿದಿರುತ್ತದೆ. 16 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಹಳೆಯ ಹಾರ್ಡ್ ಡಿಸ್ಕ್ ಕೂಡ ಸೆಕೆಂಡಿಗೆ 2 ಜಿಬಿ ಬರೆಯುವಂತೆ ಕಾಣುವುದು ಈ ಕಾರಣದಿಂದಲೇ. ಡಿಡಿಯನ್ನೇ ಬಳಸಬೇಕೆಂದಿದ್ದರೆ ಡೈರೆಕ್ಟ್ ಎಂಬ ಆಯ್ಕೆಯನ್ನು ಕೊಟ್ಟು ಕ್ಯಾಶ್ ಅನ್ನು ಬದಿಗಿಡಬೇಕು, ಇಲ್ಲವೇ ಎಫ್‌ಡೇಟಾಸಿಂಕ್ ಆಯ್ಕೆ ಕೊಟ್ಟು ಎಲ್ಲವೂ ಡಿಸ್ಕಿಗೆ ಇಳಿಯುವವರೆಗೆ ಕಾಯುವಂತೆ ಮಾಡಬೇಕು. ಸೊನ್ನೆಗಳನ್ನು ಬರೆಯುವುದರಲ್ಲಿ ಇನ್ನೊಂದು ತೊಡಕಿದೆ. ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಗಳಲ್ಲಿ ಕುಗ್ಗಿಸುವಿಕೆಯನ್ನು ಸಕ್ರಿಯಗೊಳಿಸಿದ್ದರೆ ಸೊನ್ನೆಗಳ ರಾಶಿ ಹೆಚ್ಚುಕಡಿಮೆ ಮಾಯವಾಗಿಬಿಡುತ್ತದೆ. ಒಂದು ಕಾಲದ ಸ್ಯಾಂಡ್‌ಫೋರ್ಸ್ ಕಂಟ್ರೋಲರ್‌ಗಳು (ಎಸ್‌ಎಸ್‌ಡಿಯನ್ನು ನಡೆಸುವ ಚಿಪ್‌ಗಳು) ಎಸ್‌ಎಸ್‌ಡಿಯ ಒಳಗೇ ಇದನ್ನು ಮಾಡುತ್ತಿದ್ದವು.

ನನ್ನ ಸಲಹೆ ಎಫ್‌ಐಒ ಎಂಬ ಪರೀಕ್ಷಾ ತಂತ್ರಾಂಶ. ಓದೋ ಬರವಣಿಗೆಯೋ, ತುಂಡಿನ ಗಾತ್ರವೆಷ್ಟು, ಒಮ್ಮೆಗೆ ಎಷ್ಟು ಕೋರಿಕೆಗಳು, ಎಷ್ಟು ಹೊತ್ತು ಎಂಬುದನ್ನೆಲ್ಲ ನೀವೇ ಹೇಳಬಹುದು. ಸರಾಸರಿಯ ಜೊತೆಗೆ ಅತಿ ನಿಧಾನವಾದ ಕೋರಿಕೆಗಳು ಎಷ್ಟು ಹೊತ್ತು ತೆಗೆದುಕೊಂಡವು ಎಂಬುದನ್ನೂ ಅದು ಪಟ್ಟಿ ಮಾಡುತ್ತದೆ. ಆಯ್ಕೆಗಳನ್ನು ಟೈಪ್ ಮಾಡುವುದು ಬೇಡವೆನಿಸಿದರೆ ಕೆಡಿಸ್ಕ್‌ಮಾರ್ಕ್ ಇದೆ, ಅದು ಒಳಗೆ ಎಫ್‌ಐಒವನ್ನೇ ಓಡಿಸುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ದಪ್ಪಕ್ಷರದಲ್ಲಿ ಬರೆಯಬೇಕು: ಬರವಣಿಗೆಯ ಪರೀಕ್ಷೆಯಲ್ಲಿ ಕಡತದ ಹೆಸರಿರಬೇಕಾದ ಜಾಗದಲ್ಲಿ ಇಡೀ ಸಾಧನದ ಹೆಸರನ್ನು ಕೊಟ್ಟರೆ ಡಿಡಿಯಾಗಲಿ ಎಫ್‌ಐಒವಾಗಲಿ ಒಳಗಿರುವ ಎಲ್ಲವನ್ನೂ ಅಳಿಸಿ ಬರೆಯುತ್ತದೆ. ಅದಕ್ಕೆ ಮದ್ದಿಲ್ಲ. ಡೈರೆಕ್ಟರಿಯೊಳಗಿನ ಕಡತವೊಂದರ ಮೇಲೆಯೇ ಪರೀಕ್ಷೆ ನಡೆಸಿ, ಮುಗಿದ ಮೇಲೆ ಅದನ್ನು ಅಳಿಸಿ, ಆ ಜಾಗ ಖಾಲಿಯಾಗಿದೆ ಎಂದು ಎಸ್‌ಎಸ್‌ಡಿಗೆ ತಿಳಿಸುವ ಎಫ್‌ಎಸ್‌ಟ್ರಿಮ್ ಆದೇಶವನ್ನು ಒಮ್ಮೆ ಕೊಟ್ಟರೆ ಸಾಕು.

ಬಿಸಿಲನಾಡು

ಹಳೇಮದರ್‌ಬೋರ್ಡ್ ಅವರು ಹೇಳಿದ ಸಾಲನ್ನು ನೋಡಿದೆ. ಎಡದಲ್ಲಿ ಪಿಸಿಐಇ 3.0 ಎರಡು ಲೇನ್, ಬಲದಲ್ಲಿ ಪಿಸಿಐಇ 3.0 ನಾಲ್ಕು ಲೇನ್ ಎಂದೇ ಇದೆ. ಪವರ್ ಆನ್ ಅವರ್ಸ್ ಒಂದಂಕಿಯಲ್ಲಿದೆ. ಲ್ಯಾಪ್‌ಟಾಪ್ ತಯಾರಕರ ಕೈಪಿಡಿಯಲ್ಲಿ ಎಂ.2 ಸ್ಲಾಟ್ ಇದೆ ಎಂದಷ್ಟೇ ಬರೆದಿದ್ದಾರೆ, ಲೇನ್‌ಗಳ ಸಂಖ್ಯೆಯನ್ನು ಹೇಳಿಲ್ಲ.

ಹಾಗಾದರೆ ಎಸ್‌ಎಸ್‌ಡಿ ಸರಿಯಿದೆ ಎಂದು ಇಟ್ಟುಕೊಳ್ಳುತ್ತೇನೆ. ಆದರೆ ಕೊನೆಯ ಸಾಲಿನ 44 ಎಂಬಿ ನನ್ನನ್ನು ಇನ್ನೂ ಕಾಡುತ್ತಿದೆ. ಅಲ್ಲಿ ಬರೆಯುವ ವೇಗ ಓದುವ ವೇಗಕ್ಕಿಂತ ಮೂರು ಪಟ್ಟು ಹೆಚ್ಚಿರುವುದು ಹೇಗೆ?

ಹಳೇಮದರ್‌ಬೋರ್ಡ್

ಇಡೀ ಕೋಷ್ಟಕದಲ್ಲಿ ನಿಮ್ಮ ದಿನನಿತ್ಯದ ಅನುಭವಕ್ಕೆ ಹತ್ತಿರವಾದ ಸಾಲು ಅದೇ ಎಂಬುದು ನನ್ನ ಅಭಿಪ್ರಾಯ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲ ಸಾಲಿನಲ್ಲಿ 1 ಎಂಬಿಯ ದೊಡ್ಡ ತುಂಡುಗಳನ್ನು ಒಂದರ ಹಿಂದೊಂದರಂತೆ, ಒಮ್ಮೆಗೆ ಎಂಟು ಕೋರಿಕೆಗಳು ಸರದಿಯಲ್ಲಿರುವಂತೆ ಓದಲಾಗುತ್ತದೆ. ಎಸ್‌ಎಸ್‌ಡಿಯ ಒಳಗೆ ಹಲವು ಫ್ಲ್ಯಾಶ್ ಚಿಪ್‌ಗಳಿದ್ದು, ಅವೆಲ್ಲವೂ ಒಟ್ಟಿಗೆ ದುಡಿದಾಗ ಮಾತ್ರ ಪೆಟ್ಟಿಗೆಯ ಮೇಲಿನ ಸಂಖ್ಯೆ ಬರುತ್ತದೆ. ಕೊನೆಯ ಸಾಲಿನಲ್ಲಿ 4 ಕೆಬಿಯ ಸಣ್ಣ ತುಂಡು, ಡಿಸ್ಕಿನ ಯಾವುದೋ ಮೂಲೆಯಿಂದ, ಒಮ್ಮೆಗೆ ಒಂದೇ ಕೋರಿಕೆ. ಒಂದಕ್ಕೆ ಉತ್ತರ ಬಂದ ಮೇಲೆಯೇ ಮುಂದಿನದನ್ನು ಕೇಳಲಾಗುತ್ತದೆ. ಹಾಗಾಗಿ ಇಲ್ಲಿ ಅಳೆಯುತ್ತಿರುವುದು ಅಗಲವನ್ನಲ್ಲ, ಕಾಯುವ ಸಮಯವನ್ನು.

44 ಎಂಬಿಯನ್ನು 4,096 ಬೈಟ್‌ನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 10,700 ಓದುಗಳಾಗುತ್ತವೆ, ಅಂದರೆ ಒಂದು ಓದಿಗೆ ಸುಮಾರು 93 ಮೈಕ್ರೋಸೆಕೆಂಡ್. ಅದರಲ್ಲಿ ಬಹುಪಾಲು ಫ್ಲ್ಯಾಶ್ ಕೋಶದಲ್ಲಿರುವ ವಿದ್ಯುದಾವೇಶವನ್ನು ಗ್ರಹಿಸುವುದಕ್ಕೇ ಹೋಗುತ್ತದೆ. ಲೇನ್‌ಗಳನ್ನು ಎರಡರಿಂದ ನಾಲ್ಕಕ್ಕೆ ಏರಿಸಿದರೂ ಈ ಕಾಲ ಹೆಚ್ಚು ಕುಗ್ಗುವುದಿಲ್ಲ. ಇದೇ ಕಾರಣಕ್ಕೆ ಸಾಟಾ ಎಸ್‌ಎಸ್‌ಡಿಗಳು ಈ ಸಾಲಿನಲ್ಲಿ 30ರಿಂದ 40, ದುಬಾರಿ ಎನ್‌ವಿಎಂಇಗಳು 60ರಿಂದ 90 ತೋರಿಸುತ್ತವೆ. ಮೊದಲ ಸಾಲಿನಲ್ಲಿ ಹತ್ತು ಪಟ್ಟಿಗೂ ಮೀರಿದ ಅಂತರವಿದ್ದರೂ ಇಲ್ಲಿ ಎರಡು ಪಟ್ಟಿನ ಅಂತರವೇ ದೊಡ್ಡದು.

ಈಗ ನಿಮ್ಮ ಹಳೆಯ ಡಿಸ್ಕಿನ ಮೇಲೂ ಇದೇ ಸಾಲನ್ನು ಓಡಿಸಿ ನೋಡಿರಿ. 5,400 ಸುತ್ತಿನ ತಟ್ಟೆ ಒಂದು ಸುತ್ತು ಮುಗಿಸಲು 11.1 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅದರ ಅರ್ಧ. ಅದಕ್ಕೂ ಮೊದಲು ತಲೆ ಸರಿಯಾದ ಪಥಕ್ಕೆ ಸರಿಯಬೇಕು. ಹೀಗಾಗಿ ಅದು ಅರ್ಧ ಎಂಬಿಯನ್ನು ಮುಟ್ಟುವುದೂ ಕಷ್ಟ. ವಿಂಡೋಸ್ ತೆರೆದುಕೊಳ್ಳುವಾಗ, ಬ್ರೌಸರ್ ಏಳುವಾಗ ಆಗುವುದು ಬಹುಮಟ್ಟಿಗೆ ಇಂಥ ಸಣ್ಣ ಚದುರಿದ ಓದುಗಳೇ. ನಿಮ್ಮ ಯಂತ್ರ ಬೇಗ ತೆರೆದುಕೊಳ್ಳತೊಡಗಿದ್ದು 1,724ರಿಂದಲ್ಲ, ನಿಮ್ಮನ್ನು ಕಾಡುತ್ತಿರುವ ಆ 44ರಿಂದ.

ಇನ್ನು ಬರವಣಿಗೆ ಹೆಚ್ಚು ವೇಗವಾಗಿರುವುದು. ಓದಬೇಕೆಂದಾಗ ದತ್ತಾಂಶ ಫ್ಲ್ಯಾಶ್‌ನಿಂದಲೇ ಬರಬೇಕು, ಅಡ್ಡದಾರಿಯಿಲ್ಲ. ಬರೆಯಬೇಕೆಂದಾಗ ಕಂಟ್ರೋಲರ್ ಅದನ್ನು ತನ್ನ ಬಫರ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇರಿಸಿಕೊಂಡು "ಆಯಿತು" ಎಂದು ಉತ್ತರ ಕೊಟ್ಟುಬಿಡುತ್ತದೆ. ನಿಜವಾದ ಬರವಣಿಗೆಯನ್ನು ಹಲವು ತುಂಡುಗಳನ್ನು ಒಟ್ಟುಗೂಡಿಸಿ ಆಮೇಲೆ ನಡೆಸುತ್ತದೆ. ಅಂಚೆಪೆಟ್ಟಿಗೆಗೆ ಕಾಗದ ಹಾಕಿ ಬಂದವನಿಗೂ ಕಾಗದ ಬರಲೆಂದು ಕಾಯುತ್ತಿರುವವನಿಗೂ ಇರುವ ವ್ಯತ್ಯಾಸವೇ ಇದು.

ಶರಾವತಿ_ಲಿನಕ್ಸ್

ಈ "ಆಯಿತು" ಎಂಬ ಉತ್ತರದ ಬಗ್ಗೆ ಒಂದು ಸೇರ್ಪಡೆ. ಮನೆಬಳಕೆಯ ಎಸ್‌ಎಸ್‌ಡಿಗಳಲ್ಲಿ ವಿದ್ಯುತ್ ಹಠಾತ್ತನೆ ಹೋದರೆ ಬಫರ್‌ನಲ್ಲಿರುವುದನ್ನು ಉಳಿಸುವಷ್ಟು ಕೆಪಾಸಿಟರ್‌ಗಳು ಸಾಮಾನ್ಯವಾಗಿ ಇರುವುದಿಲ್ಲ. ಸರ್ವರ್‌ಗಳಿಗೆಂದು ಮಾಡಿದವುಗಳಲ್ಲಿ ಇರುತ್ತವೆ. ಆದ್ದರಿಂದ ಡೇಟಾಬೇಸ್‌ನಂಥ ತಂತ್ರಾಂಶಗಳು ಪ್ರತಿ ವ್ಯವಹಾರದ ಕೊನೆಯಲ್ಲಿ "ಬಫರ್ ಖಾಲಿಯಾಗುವವರೆಗೆ ಕಾಯುತ್ತೇನೆ" ಎನ್ನುತ್ತವೆ. ಎಫ್‌ಐಒದಲ್ಲಿ ಪ್ರತಿ ಬರವಣಿಗೆಯ ನಂತರ ಎಫ್‌ಸಿಂಕ್ (ಹೀಗೆ ಕಾಯುವ ಕ್ರಮ) ಆಗಬೇಕೆಂಬ ಆಯ್ಕೆಯನ್ನು ಕೊಟ್ಟು ಅದೇ 4 ಕೆಬಿ ಪರೀಕ್ಷೆಯನ್ನು ನಡೆಸಿದರೆ, 138 ಎಂಬಿ ತೋರಿಸಿದ ಎಸ್‌ಎಸ್‌ಡಿ ಒಂದಂಕಿಗೆ ಇಳಿದರೂ ಆಶ್ಚರ್ಯಪಡಬೇಡಿ. ಅಂಗಡಿಯ ಲೆಕ್ಕಪತ್ರದ ತಂತ್ರಾಂಶ ಹೊಸ ಎಸ್‌ಎಸ್‌ಡಿಯ ಮೇಲೂ ತಡವರಿಸುತ್ತದೆ ಎನ್ನುವವರು ಅಳೆಯಬೇಕಾದದ್ದು ಇದನ್ನು.

ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಈ ಬಫರ್ ಖಾಲಿ ಮಾಡಿಸುವ ಕ್ರಮವನ್ನೇ ನಿಲ್ಲಿಸಿಬಿಡುವ ಗುರುತೊಂದಿದೆ. ಅದನ್ನು ಹಾಕಿದರೆ ಸಂಖ್ಯೆಗಳು ಚೆನ್ನಾಗಿ ಏರುತ್ತವೆ ಎಂದು ಕೆಲವರು ಹೇಳಿಕೊಡುತ್ತಾರೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ, ಹೇಳದೆ ಕೇಳದೆ ಕರೆಂಟ್ ಹೋಗುವ ಊರುಗಳಲ್ಲಿ, ದಯವಿಟ್ಟು ಅದನ್ನು ಮುಟ್ಟಬೇಡಿ.

ದಾವಣಗೆರೆಯ ಛಾಯಾಗ್ರಾಹಕ

ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ನನ್ನ ಸಮಸ್ಯೆ ಸಣ್ಣ ಕಡತಗಳದ್ದಲ್ಲ. ಮದುವೆಯ ಹಂಗಾಮಿನಲ್ಲಿ ಎರಡು ದಿನಗಳ ಚಿತ್ರೀಕರಣ ಮುಗಿಸಿ ಬಂದರೆ 200ರಿಂದ 300 ಜಿಬಿಯಷ್ಟು ವಿಡಿಯೊವನ್ನು ಕಾರ್ಡ್‌ಗಳಿಂದ ಎಸ್‌ಎಸ್‌ಡಿಗೆ ಇಳಿಸಿಕೊಳ್ಳಬೇಕು, ಆಮೇಲೆ ಅದರ ಒಂದು ಪ್ರತಿಯನ್ನು ಮತ್ತೊಂದು ಎಸ್‌ಎಸ್‌ಡಿಗೆ ಹಾಕಬೇಕು. ಪ್ರತಿ ಮಾಡುವಾಗ ಮೊದಲು ಒಳ್ಳೆಯ ವೇಗವಿದ್ದು, ಸ್ವಲ್ಪ ಹೊತ್ತಿನ ಮೇಲೆ ಏಕಾಏಕಿ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿಯುತ್ತದೆ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನಲ್ಲಿ ನೋಡಿದರೆ ಅದೇ ಎಸ್‌ಎಸ್‌ಡಿ ಯಾವ ದೋಷವನ್ನೂ ತೋರಿಸುವುದಿಲ್ಲ. ಬಿಸಿಯ ಕಾರಣವೇ?

ಹಳೇಮದರ್‌ಬೋರ್ಡ್

ಬಿಸಿಯೂ ಇರಬಹುದು, ಆದರೆ ಮೊದಲ ಅನುಮಾನ ಎಸ್‌ಎಲ್‌ಸಿ ಕ್ಯಾಶ್ ಮೇಲೆ. ಇಂದಿನ ಎಸ್‌ಎಸ್‌ಡಿಗಳು ಒಂದು ಕೋಶದಲ್ಲಿ ಮೂರು ಬಿಟ್ ಅಥವಾ ನಾಲ್ಕು ಬಿಟ್ ಇಡುತ್ತವೆ. ಮೊದಲಿನದನ್ನು ಟಿಎಲ್‌ಸಿ, ಎರಡನೆಯದನ್ನು ಕ್ಯೂಎಲ್‌ಸಿ ಎನ್ನುತ್ತೇವೆ. ಬಿಟ್‌ಗಳು ಹೆಚ್ಚಿದಷ್ಟೂ ಬರೆಯುವುದು ನಿಧಾನ. ಅದನ್ನು ಮರೆಮಾಡಲು ಖಾಲಿ ಕೋಶಗಳಲ್ಲಿ ಮೊದಲು ಒಂದೊಂದೇ ಬಿಟ್ ಬರೆದು, ಬಿಡುವಾದಾಗ ಒಟ್ಟುಗೂಡಿಸುವ ಉಪಾಯವನ್ನು ತಯಾರಕರು ಬಳಸುತ್ತಾರೆ. ಈ ತಾತ್ಕಾಲಿಕ ಜಾಗ ತುಂಬಿದ ಕ್ಷಣದಿಂದ ನಿಜವಾದ ವೇಗ ಹೊರಬರುತ್ತದೆ.

ಕೆಲವು ತಯಾರಕರು ಇದನ್ನು ವಿವರಪತ್ರದಲ್ಲಿಯೇ ಬರೆಯುತ್ತಾರೆ. ಸ್ಯಾಮ್‌ಸಂಗ್ 870 ಕ್ಯೂವಿಒದ 1 ಟಿಬಿ ಮಾದರಿಯಲ್ಲಿ ಇಂಥ ಜಾಗ 42 ಜಿಬಿಯವರೆಗೆ ಇರುತ್ತದೆ, ಅದು ಮುಗಿದ ಮೇಲೆ ಬರೆಯುವ ವೇಗ ಸೆಕೆಂಡಿಗೆ 80 ಎಂಬಿ. 2 ಟಿಬಿ ಮತ್ತು ಅದಕ್ಕಿಂತ ದೊಡ್ಡ ಮಾದರಿಗಳಲ್ಲಿ 78 ಜಿಬಿ ಮತ್ತು 160 ಎಂಬಿ. ಬರೆಯದಿರುವ ತಯಾರಕರೇ ಹೆಚ್ಚು. 2021ರಲ್ಲಿ ವೆಸ್ಟರ್ನ್ ಡಿಜಿಟಲ್ ಎಸ್‌ಎನ್550ರ ಒಳಗಿನ ಫ್ಲ್ಯಾಶ್ ಅನ್ನು ಹೆಸರು ಬದಲಿಸದೆಯೇ ಬದಲಿಸಿದಾಗ ಕ್ಯಾಶ್ ಮುಗಿದ ನಂತರದ ವೇಗ ಸುಮಾರು 610ರಿಂದ 390ಕ್ಕೆ ಇಳಿದದ್ದು ಸುದ್ದಿಯಾಯಿತು. ಇಂಥ ಬದಲಾವಣೆ 1 ಜಿಬಿ ಕಡತದ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಆ ಕಡತ ಪೂರ್ತಿಯಾಗಿ ಕ್ಯಾಶ್‌ನೊಳಗೇ ಹುಟ್ಟಿ ಅಲ್ಲಿಯೇ ಅಳಿಯುತ್ತದೆ.

ನೀವು ಮಾಡಬೇಕಾದ ಪರೀಕ್ಷೆ ಇದು. ಎಸ್‌ಎಸ್‌ಡಿ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ 150 ಅಥವಾ 200 ಜಿಬಿಯನ್ನು ಒಂದೇ ಸಮನೆ ಬರೆಯಿಸಿ, ವೇಗ ಎಲ್ಲಿ ಬೀಳುತ್ತದೆ, ಬಿದ್ದ ಮೇಲೆ ಎಷ್ಟರಲ್ಲಿ ನಿಲ್ಲುತ್ತದೆ ಎಂಬ ಎರಡು ಸಂಖ್ಯೆಗಳನ್ನು ಬರೆದುಕೊಳ್ಳಿ. ಬರೆಯುವ ಮೂಲ ಅದಕ್ಕಿಂತ ವೇಗವಾದ ಇನ್ನೊಂದು ಎಸ್‌ಎಸ್‌ಡಿಯಾಗಿರಬೇಕು. ಇದನ್ನೇ ಎಸ್‌ಎಸ್‌ಡಿ ಮುಕ್ಕಾಲು ತುಂಬಿರುವಾಗ ಮತ್ತೊಮ್ಮೆ ನಡೆಸಿದರೆ ವೇಗ ಬೀಳುವ ಜಾಗ ಬಹಳ ಹಿಂದಕ್ಕೆ ಬಂದಿರುವುದನ್ನು ಕಾಣುವಿರಿ. ಖಾಲಿ ಕೋಶಗಳು ಕಡಿಮೆಯಾದಂತೆ ಕ್ಯಾಶ್ ಕೂಡ ಚಿಕ್ಕದಾಗುತ್ತದೆ. ಟಿಎಲ್‌ಸಿಯಲ್ಲಿ ಮೂರು ಬಿಟ್‌ನ ಜಾಗದಲ್ಲಿ ಒಂದು ಬಿಟ್ ಬರೆಯುವುದರಿಂದ ಉಳಿದ ಖಾಲಿ ಜಾಗದ ಮೂರನೆಯ ಒಂದು ಭಾಗಕ್ಕಿಂತ, ಕ್ಯೂಎಲ್‌ಸಿಯಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಕ್ಯಾಶ್ ಆ ಖಾಲಿ ಜಾಗದಿಂದ ಸಿಗಲು ಸಾಧ್ಯವಿಲ್ಲ. ಪ್ರಾಯೋಗಿಕವಾಗಿ ಅದಕ್ಕಿಂತ ಕಡಿಮೆಯೇ.

ಬಿಸಿಯನ್ನು ಬೇರ್ಪಡಿಸುವುದು ಸುಲಭ. ಪರೀಕ್ಷೆಯ ಉದ್ದಕ್ಕೂ ತಾಪಮಾನವನ್ನು ತೆರೆದಿಟ್ಟುಕೊಳ್ಳಿ. ಎನ್‌ವಿಎಂಇ ಎಸ್‌ಎಸ್‌ಡಿಗಳು ಮಾದರಿಯನ್ನು ಅನುಸರಿಸಿ 70ರಿಂದ 85 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲೋ ತಾವಾಗಿಯೇ ನಿಧಾನವಾಗುತ್ತವೆ. ಬಿಸಿಯಿಂದಾದ ಕುಸಿತದಲ್ಲಿ ವೇಗ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ ಮತ್ತು ಫ್ಯಾನ್ ಗಾಳಿ ಬಿಟ್ಟರೆ ಸುಧಾರಿಸುತ್ತದೆ. ಕ್ಯಾಶ್ ಮುಗಿದದ್ದಾದರೆ ವೇಗ ಮೆಟ್ಟಿಲಿಳಿದಂತೆ ಇಳಿದು ಅಲ್ಲಿಯೇ ನಿಲ್ಲುತ್ತದೆ, ಗಾಳಿಗೆ ಬಗ್ಗುವುದಿಲ್ಲ.

ಬಿಸಿಲನಾಡು

ತಾಪಮಾನದ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮ ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೆ 40 ಡಿಗ್ರಿ ದಾಟುವುದು ಸಾಮಾನ್ಯ, ಕೋಣೆಯೊಳಗೂ ಹೆಚ್ಚು ಕಡಿಮೆಯಾಗುವುದಿಲ್ಲ. ಇಂಟರ್‌ನೆಟ್‌ನಲ್ಲಿ ಸಿಗುವ ವಿಮರ್ಶೆಗಳನ್ನು ಹವಾನಿಯಂತ್ರಿತ ಕೋಣೆಯಲ್ಲಿ ಮಾಡಿರುತ್ತಾರೆ. ಎಸ್‌ಎಸ್‌ಡಿಯ ಮೇಲಿನ ಸ್ಟಿಕ್ಕರ್ ಕಿತ್ತು ಹೀಟ್‌ಸಿಂಕ್ ಅಂಟಿಸಬೇಕೆಂದು ಕೆಲವರು ಹೇಳುತ್ತಾರೆ. ಅಗತ್ಯವೇ?

ಹಳೇಮದರ್‌ಬೋರ್ಡ್

ಕೀಳಬೇಡಿ. ಅನೇಕ ತಯಾರಕರು ಸ್ಟಿಕ್ಕರ್ ಕಿತ್ತರೆ ಖಾತರಿ ಕೊಡುವುದಿಲ್ಲ, ಕೆಲವು ಸ್ಟಿಕ್ಕರ್‌ಗಳಲ್ಲಿ ಶಾಖ ಹರಡುವ ತಾಮ್ರದ ಹಾಳೆಯೇ ಇರುತ್ತದೆ. ನಿಮ್ಮ ಎರಡು ಲೇನ್‌ಗಳ ಮಿತಿ ಇಲ್ಲಿ ಉಪಕಾರವನ್ನೇ ಮಾಡುತ್ತದೆ. ಅರ್ಧ ವೇಗದಲ್ಲಿ ದುಡಿಯುವ ಕಂಟ್ರೋಲರ್ ಅಷ್ಟು ಬಿಸಿಯಾಗುವುದಿಲ್ಲ. ಪರೀಕ್ಷೆಯನ್ನು ಮಾತ್ರ ಚಾರ್ಜರ್ ಹಾಕಿಕೊಂಡೇ ಮಾಡಿರಿ. ಬ್ಯಾಟರಿಯ ಮೇಲಿರುವಾಗ ಪ್ರೊಸೆಸರ್ ಮತ್ತು ಪಿಸಿಐಇ ಸಂಪರ್ಕ ಎರಡೂ ವಿದ್ಯುತ್ ಉಳಿಸಲು ನೋಡುತ್ತವೆ, ಅದರ ಪೆಟ್ಟು ಮುಖ್ಯವಾಗಿ ಆ ಕೊನೆಯ ಸಾಲಿನ ಮೇಲೆ ಬೀಳುತ್ತದೆ. ಡಿಸ್ಕಿನಲ್ಲಿರುವುದನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಸಕ್ರಿಯವಾಗಿದೆಯೇ ಎಂದೂ ನೋಡಿಕೊಳ್ಳಿ. ಇತ್ತೀಚಿನ ವಿಂಡೋಸ್ 11ರ ಹೊಸ ಇನ್‌ಸ್ಟಾಲ್‌ಗಳಲ್ಲಿ ಅದು ಕೇಳದೆಯೇ ಚಾಲೂ ಆಗಿರಬಹುದು, ಗೂಢಲಿಪಿಯ ಕೆಲಸ ಪ್ರೊಸೆಸರ್ ಮೇಲೆ ಬೀಳುವುದರಿಂದ ಸಣ್ಣ ತುಂಡುಗಳ ವೇಗ ಕುಗ್ಗುತ್ತದೆ. ಸಂಖ್ಯೆಗಾಗಿ ಅದನ್ನು ತೆಗೆಯಬೇಕೆಂದು ನಾನು ಹೇಳುತ್ತಿಲ್ಲ; ಬೇರೆಯವರ ಫಲಿತಾಂಶದೊಡನೆ ಹೋಲಿಸುವಾಗ ಗಮನದಲ್ಲಿರಲಿ.

ರೈನ್‌ತೀರ

ನಾನಿರುವುದು ಜರ್ಮನಿಯಲ್ಲಿ. ನಕಲಿಯ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರಿಸಿಲ್ಲವಾದ್ದರಿಂದ ಎರಡು ಮಾತು. ನಂಬಲಾಗದಷ್ಟು ಅಗ್ಗದ ಹೊರಜೋಡಣೆಯ ಎಸ್‌ಎಸ್‌ಡಿಗಳಲ್ಲಿ ಮೋಸ ನಡೆಯುವುದು ವೇಗದಲ್ಲಿ ಅಲ್ಲ, ಗಾತ್ರದಲ್ಲಿ: ಒಳಗೆ 64 ಜಿಬಿಯ ಚಿಪ್ ಇಟ್ಟು 2 ಟಿಬಿ ಎಂದು ವರದಿ ಮಾಡಿಸಿರುತ್ತಾರೆ. ವೇಗದ ಪರೀಕ್ಷೆ ಇದನ್ನು ಹಿಡಿಯಲಾರದು. ಪೂರ್ತಿ ಗಾತ್ರವನ್ನು ಬರೆದು ಮತ್ತೆ ಓದಿ ತಾಳೆ ನೋಡಬೇಕು. ವಿಂಡೋಸ್‌ನಲ್ಲಿ ಇಲ್ಲಿನ ಸಿಟಿ ಎಂಬ ಕಂಪ್ಯೂಟರ್ ಪತ್ರಿಕೆಯವರು ಹಂಚಿದ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಇದಕ್ಕೆ ಸಾಕು. 1 ಟಿಬಿ ಎಂದದ್ದು ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಂಡರೆ ಅದು ಮೋಸವಲ್ಲ. ತಯಾರಕರು ಸಾವಿರದಿಂದ, ವಿಂಡೋಸ್ 1,024ರಿಂದ ಲೆಕ್ಕ ಹಾಕುತ್ತಾರೆ.

ಅನುಮಾನಿ

ಒಂದು ಬಾರಿ ಪರೀಕ್ಷಿಸಿ ಇಟ್ಟುಕೊಳ್ಳುವುದನ್ನು ಒಪ್ಪಿದೆ ಎಂದಿಟ್ಟುಕೊಳ್ಳಿ. ವರ್ಷ ಕಳೆದ ಮೇಲೆ ಅದೇ ಪರೀಕ್ಷೆಯನ್ನು ನಡೆಸಿದರೆ ಏನಾದರೂ ತಿಳಿಯುತ್ತದೆಯೇ?

ಶರಾವತಿ_ಲಿನಕ್ಸ್

ತಿಳಿಯುತ್ತದೆ, ಆದರೆ ಎಲ್ಲವೂ ಅಲ್ಲ. 2014ರಲ್ಲಿ ಸ್ಯಾಮ್‌ಸಂಗ್ 840 ಇವಿಒದಲ್ಲಿ ಕಂಡ ದೋಷ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ತಿಂಗಳುಗಳ ಹಿಂದೆ ಬರೆದಿಟ್ಟ ದತ್ತಾಂಶವನ್ನು ಓದುವಾಗ ಮಾತ್ರ ವೇಗ ಕುಸಿಯುತ್ತಿತ್ತು. ಪರೀಕ್ಷಾ ತಂತ್ರಾಂಶಗಳು ಹೊಸ ಕಡತವನ್ನು ಬರೆದು ಅದನ್ನೇ ಓದುವುದರಿಂದ ಅವುಗಳಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಅದನ್ನು ಸರಿಪಡಿಸಲು ಒಂದು ಫರ್ಮ್‌ವೇರ್ (ಎಸ್‌ಎಸ್‌ಡಿಯೊಳಗಿನ ತಂತ್ರಾಂಶ), ಅದು ಸಾಲದೆ 2015ರ ಏಪ್ರಿಲ್‌ನಲ್ಲಿ ಮತ್ತೊಂದು ಬಂತು. ಆದ್ದರಿಂದ ವರ್ಷದ ನಂತರ ಪರೀಕ್ಷಿಸುವವರು ಹಿಂದೆಯೇ ಬರೆದಿಟ್ಟ ದೊಡ್ಡ ಕಡತವೊಂದನ್ನು ಪೂರ್ತಿ ಓದಿಸಿ, ಅದರ ವೇಗವನ್ನೂ ನೋಡಬೇಕು. ಲಿನಕ್ಸ್‌ನಲ್ಲಿ ಆ ಕಡತವನ್ನು ಡಿಡಿಯಿಂದ ಡೈರೆಕ್ಟ್ ಆಯ್ಕೆಯೊಡನೆ ಓದಿಸಿ, ಎಲ್ಲಿಯೂ ಉಳಿಸದೆ /dev/nullಗೆ ಸುರಿದರೆ ಆಯಿತು.

ವೇಗ ನಿಜವಾಗಿ ಕುಸಿದಿದ್ದರೆ ಮೊದಲು ಟ್ರಿಮ್ ನಡೆಯುತ್ತಿದೆಯೇ ಎಂದು ನೋಡಬೇಕು. ಅಳಿಸಿದ ಕಡತಗಳ ಜಾಗ ಖಾಲಿಯಾಗಿದೆ ಎಂದು ಎಸ್‌ಎಸ್‌ಡಿಗೆ ತಿಳಿಯುವುದು ಅದರಿಂದಲೇ. ಅಗ್ಗದ ಕೆಲವು ಯುಎಸ್‌ಬಿ ಎನ್‌ಕ್ಲೋಷರ್‌ಗಳು (ಎಸ್‌ಎಸ್‌ಡಿಯನ್ನು ಹೊರಗಿನಿಂದ ಜೋಡಿಸುವ ಕವಚಗಳು) ಟ್ರಿಮ್ ಆದೇಶವನ್ನು ಮುಂದಕ್ಕೆ ಸಾಗಿಸುವುದಿಲ್ಲ, ಹಾಗಾಗಿ ಅವುಗಳಲ್ಲಿಟ್ಟ ಎಸ್‌ಎಸ್‌ಡಿ ಕ್ರಮೇಣ ಮಂದವಾಗುತ್ತದೆ.

ದಾವಣಗೆರೆಯ ಛಾಯಾಗ್ರಾಹಕ

ಹೇಳಿದಂತೆ 200 ಜಿಬಿಯನ್ನು ಒಂದೇ ಸಮನೆ ಬರೆಯಿಸಿ ನೋಡಿದೆ. ತಾಪಮಾನ 60ನ್ನೂ ಮುಟ್ಟಲಿಲ್ಲ. ವೇಗ ಸುಮಾರು 70 ಜಿಬಿಯವರೆಗೆ 900ರ ಮೇಲಿದ್ದು, ಅಲ್ಲಿಂದ ಒಮ್ಮೆಲೇ ಇಳಿದು ಕೊನೆಯವರೆಗೂ 120ರ ಆಸುಪಾಸಿನಲ್ಲಿಯೇ ನಿಂತಿತು. ಮೆಟ್ಟಿಲಿನಂತೆಯೇ ಇತ್ತು. ಎಸ್‌ಎಸ್‌ಡಿ ಆಗಲೇ ಅರ್ಧಕ್ಕಿಂತ ಹೆಚ್ಚು ತುಂಬಿದೆ. ಹಾಗಾದರೆ ಕಾರ್ಡ್‌ಗಳಿಂದ ಇಳಿಸಿಕೊಳ್ಳುವುದಕ್ಕೂ ಟಿಎಲ್‌ಸಿಯ ಹೊಸ ಎಸ್‌ಎಸ್‌ಡಿ ಕೊಳ್ಳಬೇಕೇ?

ಹಳೇಮದರ್‌ಬೋರ್ಡ್

ನಿಮ್ಮ ಕ್ಯಾಮೆರಾದ ಕಾರ್ಡ್‌ಗಳು ಯುಎಚ್‌ಎಸ್-1 ಬಗೆಯವಾದರೆ ಬೇಡ. ಆ ಸಂಪರ್ಕದ ಗರಿಷ್ಠವೇ ಸೆಕೆಂಡಿಗೆ 104 ಎಂಬಿ, ರೀಡರ್‌ನಲ್ಲಿ ಕೈಗೆ ಸಿಗುವುದು 90ರ ಹತ್ತಿರ. ನಿಮ್ಮ ಎಸ್‌ಎಸ್‌ಡಿ ಕ್ಯಾಶ್ ಪೂರ್ತಿ ಮುಗಿದ ಮೇಲೂ 120ರಲ್ಲಿ ಬರೆಯಬಲ್ಲದು, ಆದ್ದರಿಂದ ಕಾರ್ಡ್‌ನಿಂದ ಇಳಿಸುವಾಗ ಅದು ಅಡ್ಡಿಯಾಗುವುದಿಲ್ಲ. ಯುಎಚ್‌ಎಸ್-2 ಕಾರ್ಡ್ ಮತ್ತು ಅದಕ್ಕೆ ತಕ್ಕ ರೀಡರ್ ಇದ್ದರೆ ಲೆಕ್ಕ ಬದಲಾಗುತ್ತದೆ. ನಿಮಗೆ ತೊಂದರೆಯಾಗುತ್ತಿರುವುದು ಎಸ್‌ಎಸ್‌ಡಿಯಿಂದ ಎಸ್‌ಎಸ್‌ಡಿಗೆ ಪ್ರತಿ ಮಾಡುವಾಗ ಮಾತ್ರ. 300 ಜಿಬಿಯಲ್ಲಿ ಮೊದಲ 70 ಒಂದೂಕಾಲು ನಿಮಿಷದಲ್ಲಿ ಮುಗಿದರೂ ಉಳಿದ 230ಕ್ಕೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆ ಅರ್ಧ ಗಂಟೆಯನ್ನು ಉಳಿಸಲೇಬೇಕೆಂದಿದ್ದರೆ ಪ್ರತಿ ಇಡುವ ಎಸ್‌ಎಸ್‌ಡಿಯನ್ನಷ್ಟೇ ಬದಲಿಸಿ, ಈಗಿರುವುದನ್ನು ಕಾರ್ಡ್‌ಗಳಿಗೆ ಮೀಸಲಿಡಿ.